ಗೆದ್ದ ಮೇಲೂ ಬಾರದ ಹಣ: ಹೊರದೇಶದಲ್ಲಿದ್ದು ಬೆಂಗಳೂರಿನಲ್ಲಿ ಮನೆ ಕೊಂಡವರಿಗೆ ಕಾನೂನಿನ ದಾರಿಗಳು

ತಾಲ್ಲೂಕು ಕಚೇರಿಯೊಂದರ ಕಡತದಲ್ಲಿ, ಎಲ್ಲಕ್ಕಿಂತ ಮೇಲೆ, ನೋಂದಾಯಿತ ಅಂಚೆಯ ಲಕೋಟೆಯೊಂದನ್ನು ಗುಂಡುಸೂಜಿ ಚುಚ್ಚಿ ಇಟ್ಟಿದ್ದರು. ಅದರ ಮೇಲೆ ನೀಲಿ ಪೆನ್ನಿನಲ್ಲಿ ಒಂದೇ ಸಾಲಿನ ಷರಾ: ‘ಕಚೇರಿ ಖಾಲಿ ಮಾಡಿದ್ದಾರೆ, ವಾಪಸ್’. ಒಳಗಿದ್ದದ್ದು ಬಿಲ್ಡರ್‌ಗೆ ಕಳಿಸಿದ ವಸೂಲಿ ನೋಟಿಸು. ಹಣ ಬರಬೇಕಾಗಿದ್ದದ್ದು ನನ್ನ ಚಿಕ್ಕಪ್ಪನ ಮಗನಿಗೆ. ಅವನಿರುವುದು ನ್ಯೂಜೆರ್ಸಿಯಲ್ಲಿ, ಕೈಯಲ್ಲಿರುವುದು ಅಮೆರಿಕದ ಪಾಸ್‌ಪೋರ್ಟ್. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ಆದೇಶ ಬಂದ ರಾತ್ರಿಯೇ ಫೋನ್ ಮಾಡಿ, ‘ಅಣ್ಣಾ, ಗೆದ್ದೆವಲ್ಲ, ಇನ್ನು ಹಣ ಬಂದ ಹಾಗೆಯೇ’ ಎಂದಿದ್ದ. ಅದಾಗಿ ಒಂದೂವರೆ ವರ್ಷದ ಮೇಲೆ ಆ ಲಕೋಟೆಯ ಫೋಟೊ ತೆಗೆದು ಅವನಿಗೆ ಕಳಿಸಿದೆ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ನಮ್ಮಲ್ಲಿ ಹಳೆಯದು. ಹೊರದೇಶದಲ್ಲಿರುವ ಖರೀದಿದಾರರ ವಿಷಯದಲ್ಲಿ ಅದಕ್ಕೆ ಇನ್ನೊಂದು ಸುತ್ತು ಸೇರಿಸಬೇಕು. ಕಾನೂನು ಅವರನ್ನು ಎಲ್ಲೂ ಎರಡನೇ ದರ್ಜೆಯಲ್ಲಿ ನಿಲ್ಲಿಸಿಲ್ಲ. ಬೆಂಗಳೂರಿನಲ್ಲೇ ಕುಳಿತು ಫ್ಲ್ಯಾಟ್ ಕೊಂಡವನಿಗೆ ಇರುವ ಹಕ್ಕೆಲ್ಲ ಅವರಿಗೂ ಇದೆ. ಅವರನ್ನು ಸೋಲಿಸುವುದು ದೂರ. ವಿಮಾನದ ಟಿಕೆಟ್ಟು ಎಷ್ಟು, ರಜೆ ಎಷ್ಟು ದಿನ ಸಿಗುತ್ತದೆ ಎಂಬುದನ್ನು ಬಿಲ್ಡರ್ ಮೊದಲೇ ಲೆಕ್ಕ ಹಾಕಿರುತ್ತಾನೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುವುದು ಅವನ ವ್ಯವಹಾರ ನೀತಿ. ಹಾಗಾಗಿ ಈ ವರ್ಗದ ಖರೀದಿದಾರರು ‘ನನ್ನ ಪರ ಕಾನೂನು ಇದೆಯೇ’ ಎಂದು ಕೇಳಿ ನಿಲ್ಲಬಾರದು. ‘ಹಣ ಎಲ್ಲಿದೆ, ಅದನ್ನು ಯಾವ ಕೈ ಹಿಡಿಯಬಲ್ಲದು’ ಎಂದು ಮೊದಲ ದಿನವೇ ಕೇಳಬೇಕು. ಯಾವ ಬಾಗಿಲು ತಟ್ಟಬೇಕೆಂಬುದು ಆ ಉತ್ತರದ ಮೇಲೆ ನಿಂತಿದೆ.

ಅದಕ್ಕೂ ಮೊದಲು, ಕೊಂಡವರು ಕಾನೂನಿನ ಕಣ್ಣಿನಲ್ಲಿ ಯಾರು ಎಂಬುದು ತೀರ್ಮಾನವಾಗಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ದುಬೈಯಲ್ಲಿ ದುಡಿಯುತ್ತಿರುವವರು ಅನಿವಾಸಿ ಭಾರತೀಯರು. ಪಾಸ್‌ಪೋರ್ಟ್ ಬದಲಾಗಿ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇರುವವರು ವಿದೇಶಿ ಪ್ರಜೆಗಳೇ. ಆದರೂ ವಿದೇಶಿ ವಿನಿಮಯ ನಿರ್ವಹಣೆಯ ಫೆಮಾ ಕಾಯ್ದೆಯಡಿಯ 2019ರ ನಿಯಮಗಳ ಪ್ರಕಾರ ಇಬ್ಬರೂ ರಿಸರ್ವ್ ಬ್ಯಾಂಕಿನ ಅನುಮತಿ ಇಲ್ಲದೆ ವಾಸದ ಮನೆ ಅಥವಾ ವಾಣಿಜ್ಯ ಕಟ್ಟಡ ಕೊಳ್ಳಬಹುದು. ಕೃಷಿ ಭೂಮಿ, ತೋಟದ ಮನೆ, ಪ್ಲಾಂಟೇಷನ್ ಮಾತ್ರ ಕೊಳ್ಳುವಂತಿಲ್ಲ. ಭಾರತದ ಮೂಲವೇ ಇಲ್ಲದ, ಹೊರದೇಶದಲ್ಲೇ ವಾಸವಿರುವ ವಿದೇಶಿಯರಿಗೆ ಸಾಮಾನ್ಯವಾಗಿ ಮನೆ ಖರೀದಿಯೂ ಇಲ್ಲ.

ಈ ನಿಯಮಗಳನ್ನು ಹಗುರವಾಗಿ ತೆಗೆದುಕೊಳ್ಳುವವರು ಸೇಂಟ್ ಮಾರ್ಕ್ಸ್ ರಸ್ತೆಯ ಪ್ರಕರಣವನ್ನು ಓದಿಕೊಳ್ಳಬೇಕು. ಬೆಂಗಳೂರಿನ ಆ ರಸ್ತೆಯ ಆಸ್ತಿಯೊಂದನ್ನು ವಿದೇಶಿ ಮಹಿಳೆಯೊಬ್ಬರು 1977ರಲ್ಲಿ ರಿಸರ್ವ್ ಬ್ಯಾಂಕಿನ ಅನುಮತಿ ಪಡೆಯದೆ ದಾನಪತ್ರ ಮಾಡಿಕೊಟ್ಟಿದ್ದರು. ಆಗ ಜಾರಿಯಲ್ಲಿದ್ದದ್ದು ಫೆಮಾಕ್ಕೂ ಹಿಂದಿನ ಫೆರಾ ಕಾಯ್ದೆ. 44 ವರ್ಷದ ಮೇಲೆ, 2021ರ ಫೆಬ್ರುವರಿಯಲ್ಲಿ, ಸುಪ್ರೀಂ ಕೋರ್ಟ್ ಆ ದಾನವೇ ಅಸಿಂಧು ಎಂದಿತು. ಕಾಯ್ದೆ ಬದಲಾಗಿದೆ, ನಿಜ. ಆದರೆ ಹಳೆಯ ತಪ್ಪು ಎಷ್ಟು ವರ್ಷದ ಮೇಲೂ ಎದ್ದು ಬಂದು ಕೊರಳು ಹಿಡಿಯಬಲ್ಲದು ಎಂಬುದು ಬದಲಾಗಿಲ್ಲ.

ಈಗಿನ ದೊಡ್ಡ ಬಲೆ ‘ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್’ ಎಂಬ ಹೆಸರಿನದು. ಬೆಂಗಳೂರಿನ ಸುತ್ತಮುತ್ತ ಕಾಲು ಎಕರೆ, ಅರ್ಧ ಎಕರೆ ತುಂಡು ಮಾಡಿ, ಶ್ರೀಗಂಧ ನೆಡುತ್ತೇವೆ, ಮಾವು ಬೆಳೆಸುತ್ತೇವೆ, ನೀವು ವರ್ಷಕ್ಕೊಮ್ಮೆ ಬಂದು ಹಣ್ಣು ತಿಂದು ಹೋಗಿ ಎಂದು ಮಾರುವುದು. ಊರಿನ ಹಂಬಲ ಇರುವವರಿಗೆ ಇದಕ್ಕಿಂತ ಸಿಹಿಯಾದ ಮಾತು ಇನ್ನೊಂದಿಲ್ಲ. ‘2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನೇ ಕಿತ್ತುಹಾಕಿದ್ದಾರೆ, ಈಗ ಯಾರು ಬೇಕಾದರೂ ಕೊಳ್ಳಬಹುದು’ ಎಂದು ಏಜೆಂಟರು ಹೇಳುತ್ತಾರೆ. ಅರ್ಧ ಸತ್ಯ. ರಾಜ್ಯದ ಕಾಯ್ದೆ ಕೃಷಿಕರಲ್ಲದವರಿಗೆ ಬಾಗಿಲು ತೆರೆದಿದೆ. ಕೇಂದ್ರದ ಫೆಮಾ ನಿಯಮ ಅನಿವಾಸಿಗಳಿಗೆ, ಒಸಿಐ ಕಾರ್ಡಿನವರಿಗೆ ಅದೇ ಬಾಗಿಲನ್ನು ಮುಚ್ಚಿಯೇ ಇಟ್ಟಿದೆ. ಉಲ್ಲಂಘನೆಗೆ ತೊಡಗಿಸಿದ ಮೊತ್ತದ ಮೂರು ಪಟ್ಟಿನವರೆಗೂ ದಂಡ ಹಾಕಬಹುದು. ಇನ್ನೂ ಕೆಟ್ಟದ್ದೆಂದರೆ, ಅಲ್ಲಿ ಮೋಸ ಹೋದವರು ದೂರು ಕೊಡಲು ಹೋದರೆ ತಮ್ಮ ತಪ್ಪನ್ನು ತಾವೇ ಬರೆದುಕೊಟ್ಟಂತಾಗುತ್ತದೆ. ಮಾರುವವನಿಗೆ ಇದು ಚೆನ್ನಾಗಿ ಗೊತ್ತು.

ಫ್ಲ್ಯಾಟಿನ ವಿಷಯಕ್ಕೆ ಬರೋಣ. ನನ್ನ ತಮ್ಮ ಸಹಿ ಹಾಕಿದ್ದ ಕರಾರನ್ನು ನಾನು ಓದಿದ್ದು ಎಲ್ಲ ಮುಗಿದ ಮೇಲೆ. ಕಂತು ಕಟ್ಟುವುದು ತಡವಾದರೆ ಅವನು ವರ್ಷಕ್ಕೆ ಶೇ 18 ಬಡ್ಡಿ ಕೊಡಬೇಕು. ಮನೆ ಕೊಡುವುದು ತಡವಾದರೆ ಬಿಲ್ಡರ್ ಕೊಡುವುದು ತಿಂಗಳಿಗೆ ಚದರ ಅಡಿಗೆ 5 ರೂಪಾಯಿ. 1,450 ಚದರ ಅಡಿಯ ಮನೆಗೆ 7,250 ರೂಪಾಯಿ. ಆ ಹಣಕ್ಕೆ ಅದೇ ಬಡಾವಣೆಯಲ್ಲಿ ಒಂದು ಕೋಣೆಯೂ ಬಾಡಿಗೆಗೆ ಸಿಗುವುದಿಲ್ಲ. ರೇರಾ ಈ ತಕ್ಕಡಿಯನ್ನು ಸರಿಪಡಿಸಿದೆ. ಎರಡೂ ಕಡೆಗೆ ಒಂದೇ ಬಡ್ಡಿ ದರ. ಕರ್ನಾಟಕದ ನಿಯಮದಲ್ಲಿ ಅದು ಎಸ್‌ಬಿಐ ಸಾಲಕ್ಕೆ ಆಧಾರವಾಗಿ ಇಟ್ಟುಕೊಳ್ಳುವ ಎಂಸಿಎಲ್‌ಆರ್ ಎಂಬ ದರದ ಗರಿಷ್ಠ ಮಟ್ಟಕ್ಕೆ ಶೇ 2 ಸೇರಿಸಿದಷ್ಟು. ಸುಮ್ಮನೆ ಶೇ 10 ಎಂದು ಹಿಡಿದರೂ 80 ಲಕ್ಷ ಕಟ್ಟಿದವರಿಗೆ ತಿಂಗಳಿಗೆ 66 ಸಾವಿರದ ಮೇಲೆ ಬರಬೇಕು. 7 ಸಾವಿರಕ್ಕೂ 66 ಸಾವಿರಕ್ಕೂ ಇರುವ ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಮಂದಿ ‘ಪೂರ್ಣ ಇತ್ಯರ್ಥ’ ಎಂಬ ಕಾಗದಕ್ಕೆ ಸಹಿ ಹಾಕಿ ಇಮೇಲ್ ಮಾಡಿಬಿಡುತ್ತಾರೆ.

ಚದರ ಅಡಿಗೆ 5 ರೂಪಾಯಿಯ ಈ ಕಥೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ, ಅದೂ ಬೆಂಗಳೂರಿನ ಬೇಗೂರಿನಿಂದ. ಡಿಎಲ್‌ಎಫ್ ಕಂಪನಿಯ ಅಲ್ಲಿನ ಯೋಜನೆಯಲ್ಲಿ ಮನೆ ಕೊಂಡವರು ರಾಷ್ಟ್ರೀಯ ಗ್ರಾಹಕರ ಆಯೋಗದಲ್ಲಿ ಸೋತು ಮೇಲಕ್ಕೆ ಹೋದರು. 2020ರ ಆಗಸ್ಟ್ 24ರ ತೀರ್ಪಿನಲ್ಲಿ ನ್ಯಾಯಾಲಯ ಆ ಕರಾರು ಏಕಪಕ್ಷೀಯ ಎಂದಿತು. 5 ರೂಪಾಯಿಯ ಲೆಕ್ಕ ಪರಿಹಾರದ ಮಿತಿಯಾಗುವುದಿಲ್ಲ ಎಂದು, ಅದರ ಜೊತೆಗೆ ಕಟ್ಟಿದ ಹಣಕ್ಕೆ ವಾರ್ಷಿಕ ಶೇ 6ರ ಸರಳ ಬಡ್ಡಿ ಕೊಡಿಸಿತು. ಅದರಲ್ಲಿ ನನಗೆ ಮುಖ್ಯವೆನಿಸಿದ್ದು ಬೇರೊಂದು ಮಾತು. ಪರಿಹಾರದ ಹಕ್ಕು ಬಿಟ್ಟುಕೊಟ್ಟರೆ ಮಾತ್ರ ಕ್ರಯಪತ್ರ ಎಂದು ಬಿಲ್ಡರ್ ಹಟ ಹಿಡಿಯುವುದು ಅನ್ಯಾಯ ಎಂದು ತೀರ್ಪು ಹೇಳಿದೆ. ರಜೆಯಲ್ಲಿ ಎರಡು ವಾರಕ್ಕೆಂದು ಊರಿಗೆ ಬಂದವರನ್ನು ಉಪನೋಂದಣಾಧಿಕಾರಿ ಕಚೇರಿಯ ಬಾಗಿಲಲ್ಲಿ ನಿಲ್ಲಿಸಿ ‘ಇದಕ್ಕೊಂದು ಸಹಿ ಹಾಕಿ ಸರ್, ಇಲ್ಲದಿದ್ದರೆ ನೋಂದಣಿ ಮುಂದಕ್ಕೆ ಹೋಗುತ್ತದೆ’ ಎನ್ನುವ ತಂತ್ರಕ್ಕೆ ಉತ್ತರ ಅಲ್ಲಿದೆ.

ಇನ್ನು ಬಾಗಿಲುಗಳು. ಮೊದಲನೆಯದು ರೇರಾ. 500 ಚದರ ಮೀಟರ್ ಮೀರಿದ ಅಥವಾ 8ಕ್ಕಿಂತ ಹೆಚ್ಚು ಮನೆಗಳಿರುವ ಯೋಜನೆಯನ್ನು ನೋಂದಾಯಿಸದೆ ಜಾಹೀರಾತು ಕೊಡುವಂತೆಯೇ ಇಲ್ಲ, ಬುಕಿಂಗ್ ಹಣ ಪಡೆಯುವುದು ದೂರದ ಮಾತು. ವಿದೇಶಗಳ ಹೋಟೆಲ್ ಸಭಾಂಗಣಗಳಲ್ಲಿ ನಡೆಯುವ ಆಸ್ತಿ ಮೇಳಗಳಲ್ಲಿ ‘ಪ್ರೀ-ಲಾಂಚ್ ದರ’ ಎಂದು ಚೆಕ್ ಪಡೆಯುವುದನ್ನು ಈ ಕಲಮಿನ ಪಕ್ಕದಲ್ಲಿಟ್ಟು ನೋಡಿ. ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯಬೇಕಾದರೆ ಮೊದಲು ಮಾರಾಟ ಕರಾರು ನೋಂದಣಿಯಾಗಬೇಕು. ಪಡೆದ ಹಣದಲ್ಲಿ ಶೇ 70 ಪ್ರತ್ಯೇಕ ಖಾತೆಯಲ್ಲಿ, ಆ ಯೋಜನೆಯ ಭೂಮಿ ಮತ್ತು ಕಟ್ಟಡದ ವೆಚ್ಚಕ್ಕೆ ಮಾತ್ರ ಇರಬೇಕು. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ 18ನೇ ಕಲಮಿನಡಿ ಹಣವನ್ನು ಬಡ್ಡಿ ಸಹಿತ ವಾಪಸ್ ಕೇಳಬಹುದು, ಅಥವಾ ಮನೆಯೇ ಬೇಕು ಎಂದು ಉಳಿದುಕೊಂಡು ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಪಡೆಯಬಹುದು. ಆಯ್ಕೆ ಖರೀದಿದಾರರದು. ಹಣ ವಾಪಸ್ ಪಡೆಯುವುದು ಷರತ್ತಿಲ್ಲದ ಹಕ್ಕು ಎಂದು ಸುಪ್ರೀಂ ಕೋರ್ಟ್ 2021ರ ನವೆಂಬರ್‌ನಲ್ಲಿ ನ್ಯೂಟೆಕ್ ಪ್ರಕರಣದಲ್ಲಿ ಹೇಳಿದ ಮೇಲೆ, ಕೋವಿಡ್ ಬಂತು, ಮರಳು ಸಿಗಲಿಲ್ಲ ಎಂಬ ನೆಪಗಳ ಬೆಲೆ ಬಹಳ ಇಳಿದಿದೆ.

ಎರಡನೆಯದು ಗ್ರಾಹಕರ ಆಯೋಗ. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, 2 ಕೋಟಿಯವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲೆ ದೆಹಲಿಯ ರಾಷ್ಟ್ರೀಯ ಆಯೋಗ. ದೂರು ಕೊಡಲು 2 ವರ್ಷದ ಗಡುವಿದೆ. ಒಸಿ, ಅಂದರೆ ಕಟ್ಟಡ ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ, ಕೊಡಿಸದೆ ಇರುವುದು ಮುಂದುವರಿಯುತ್ತಲೇ ಇರುವ ತಪ್ಪು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ ಗಡುವಿನ ಬಾಗಿಲು ಅಷ್ಟು ಬೇಗ ಮುಚ್ಚುವುದಿಲ್ಲ. ಆದರೆ ಅನಿವಾಸಿಗಳು ಇಲ್ಲಿ ಎದುರಿಸುವ ವಾದವೊಂದಿದೆ: ‘ಇವರು ಗ್ರಾಹಕರಲ್ಲ, ಹೂಡಿಕೆದಾರರು. ಅಮೆರಿಕದಲ್ಲಿ ಮನೆ ಇರುವವರಿಗೆ ಬೆಂಗಳೂರಿನಲ್ಲಿ ಮನೆ ಯಾಕೆ?’ ವಯಸ್ಸಾದ ತಾಯಿಗೆ, ಮರಳಿ ಬರುವ ದಿನಕ್ಕೆ, ಅಥವಾ ಸುಮ್ಮನೆ ಊರಿನಲ್ಲೊಂದು ನೆರಳಿರಲಿ ಎಂದು ಕೊಳ್ಳುವವರು ಅವರ ಲೆಕ್ಕಕ್ಕೆ ಬರುವುದೇ ಇಲ್ಲ. ಖರೀದಿದಾರರು ಮನೆ ಕೊಂಡು ಮಾರುವ ವ್ಯಾಪಾರ ಮಾಡುತ್ತಿದ್ದಾರೆ ಎಂದು ರುಜುವಾತು ಮಾಡುವ ಹೊಣೆ ಬಿಲ್ಡರ್‌ನದು ಎಂದು ರಾಷ್ಟ್ರೀಯ ಆಯೋಗ ಹಿಂದೆಯೇ ಹೇಳಿದೆ. ಆದರೂ ಒಂದೇ ಯೋಜನೆಯಲ್ಲಿ ಮೂರು ನಾಲ್ಕು ಮನೆ ಕೊಂಡವರು ಇಲ್ಲಿಗೆ ಹೋಗದಿರುವುದೇ ಲೇಸು. ರೇರಾದಲ್ಲಿ ಈ ತಕರಾರೇ ಹುಟ್ಟುವುದಿಲ್ಲ, ಅಲ್ಲಿ ಮನೆ ಹಂಚಿಕೆಯಾದವರೆಲ್ಲರೂ ಹಕ್ಕುದಾರರು.

ರೇರಾ ಇರುವಾಗ ಗ್ರಾಹಕರ ಆಯೋಗಕ್ಕೆ ಹೋಗುವಂತಿಲ್ಲ ಎಂದು ವಾದಿಸಿದವರಿಗೆ 2020ರ ನವೆಂಬರ್‌ನಲ್ಲಿ ಇಂಪೀರಿಯಾ ಪ್ರಕರಣದ ತೀರ್ಪು ಉತ್ತರ ಕೊಟ್ಟಿತು. ಎರಡೂ ದಾರಿ ತೆರೆದಿವೆ, ಒಂದನ್ನು ಆರಿಸಿಕೊಳ್ಳಬೇಕು. ನನ್ನ ಒಲವು ಕೇಳಿದರೆ: ಬಿಲ್ಡರ್ ದೊಡ್ಡ ಹೆಸರಿನವನು, ಕಚೇರಿ, ನಿರ್ದೇಶಕರು ಎಲ್ಲ ಕಣ್ಣೆದುರಿಗೇ ಇದ್ದಾರೆ ಎಂದಾದರೆ ಗ್ರಾಹಕರ ಆಯೋಗ. ಅಲ್ಲಿನ ಆದೇಶ ಪಾಲಿಸದಿದ್ದರೆ 72ನೇ ಕಲಮಿನಡಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಮರ್ಯಾದೆ ಕಳೆದುಕೊಳ್ಳುವ ಭಯ ಇರುವವನಿಗೆ ವಾರಂಟ್ ಮಾಡುವ ಕೆಲಸವನ್ನು ಹತ್ತು ನೋಟಿಸುಗಳು ಮಾಡುವುದಿಲ್ಲ. ಬಿಲ್ಡರ್ ಸಣ್ಣವನು, ಆದರೆ ಯೋಜನೆಯಲ್ಲಿ ಮಾರಾಟವಾಗದ ಮನೆಗಳು ಇನ್ನೂ ಇವೆ ಎಂದಾದರೆ ರೇರಾ, ಯಾಕೆಂದರೆ ಅದರ ಕೈ ಆಸ್ತಿಯ ಮೇಲೆ ಬೀಳುತ್ತದೆ.

ಮೂರನೆಯದು ದಿವಾಳಿ ಸಂಹಿತೆಯ ಬಾಗಿಲು, ಕಂಪನಿಗಳ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿ. ಇದನ್ನು ಬಾಗಿಲು ಎನ್ನುವುದಕ್ಕಿಂತ ಅಣೆಕಟ್ಟಿನ ತೂಬು ಎನ್ನಬೇಕು. ಒಮ್ಮೆ ಎತ್ತಿದರೆ ನೀರು ಯಾರ ಗದ್ದೆಗೆ ಹೋಗುತ್ತದೆಂದು ಹೇಳುವುದು ಕಷ್ಟ. 2018ರ ತಿದ್ದುಪಡಿ ಮನೆ ಖರೀದಿದಾರರನ್ನು ಬ್ಯಾಂಕುಗಳ ಸಾಲಿನಲ್ಲಿ ಆರ್ಥಿಕ ಸಾಲಿಗರು, ಅಂದರೆ ಕಂಪನಿಗೆ ಸಾಲ ಕೊಟ್ಟವರು, ಎಂದು ಕೂರಿಸಿತು. 2020ರಲ್ಲಿ, ಅರ್ಜಿ ಹಾಕಲು ಅದೇ ಯೋಜನೆಯ 100 ಮಂದಿ ಅಥವಾ ಒಟ್ಟು ಖರೀದಿದಾರರಲ್ಲಿ ಶೇ 10 ಮಂದಿ ಒಟ್ಟಾಗಬೇಕೆಂಬ ಷರತ್ತು ಬಂತು. ‘ಇಷ್ಟು ವರ್ಷಕ್ಕೆ ಇಷ್ಟಕ್ಕೆ ವಾಪಸ್ ಕೊಳ್ಳುತ್ತೇವೆ’ ಎಂಬ ಖಚಿತ ಲಾಭದ ಕರಾರು ಮಾಡಿಕೊಂಡವರು ಈ ದಾರಿ ಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ವಿದೇಶದಲ್ಲಿರುವವರಿಗೆ ಹೆಚ್ಚಾಗಿ ಮಾರುವುದು ಇಂಥ ಕರಾರುಗಳನ್ನೇ. ಹೊರದೇಶದಲ್ಲಿರುವವರಿಗೆ ಇಲ್ಲಿ ಇನ್ನೊಂದು ಅಪಾಯವೂ ಇದೆ. ಬೇರೆ ಯಾರೋ ಅರ್ಜಿ ಹಾಕಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ, ನಿಮ್ಮ ರೇರಾ ವಸೂಲಿ ಅಲ್ಲೇ ನಿಂತುಬಿಡುತ್ತದೆ. ಆಗ ಗಡುವಿನೊಳಗೆ ಹಕ್ಕು ಮಂಡಿಸಬೇಕು. ಅದರ ಪ್ರಕಟಣೆ ಬರುವುದು ಇಲ್ಲಿನ ಪತ್ರಿಕೆಯ ಒಳಪುಟದ ಮೂಲೆಯಲ್ಲಿ. ಆ ಪತ್ರಿಕೆ ನ್ಯೂಜೆರ್ಸಿಯ ಬಾಗಿಲಿಗೆ ಬೀಳುವುದಿಲ್ಲ. ಕೈಯಲ್ಲಿ ರೇರಾ ಆದೇಶ ಇದ್ದವರೂ ಉಳಿದ ಖರೀದಿದಾರರಂತೆಯೇ ಆರ್ಥಿಕ ಸಾಲಿಗರು ಎಂದು 2023ರ ತೀರ್ಪೊಂದು ಸ್ಪಷ್ಟಪಡಿಸಿದೆ. ಆದೇಶ ಗೆದ್ದದ್ದೇ ಮುಳುವಾಗುವ ವಿಚಿತ್ರ ಅದರಿಂದ ತಪ್ಪಿದೆ.

ಪೊಲೀಸ್ ಠಾಣೆಯ ದಾರಿಯೂ ಉಂಟು. ಒಂದೇ ಮನೆಯನ್ನು ಇಬ್ಬರಿಗೆ ಮಾರಿದ್ದರೆ, ಇಲ್ಲದ ಅನುಮತಿಯನ್ನು ಇದೆ ಎಂದು ತೋರಿಸಿದ್ದರೆ ವಂಚನೆಯ ದೂರು ಕೊಡಲೇಬೇಕು. ಬರೀ ತಡವಾದದ್ದಕ್ಕೆ ಹೋದರೆ ‘ಇದು ಸಿವಿಲ್ ವ್ಯಾಜ್ಯ’ ಎಂಬ ಉತ್ತರ ಕೇಳಿ ಬರಬೇಕಾಗುತ್ತದೆ. ಇದ್ದ ದೇಶದಲ್ಲೇ ದಾವೆ ಹೂಡಬಹುದೇ ಎಂದು ಕೇಳುವವರಿದ್ದಾರೆ. ಅಮೆರಿಕದ ಕೋರ್ಟಿನ ಡಿಕ್ರಿಯನ್ನು ಇಲ್ಲಿ ನೇರವಾಗಿ ಜಾರಿ ಮಾಡಿಸಲು ಬರುವುದಿಲ್ಲ. ಬ್ರಿಟನ್, ಸಿಂಗಪುರ, 2020ರಿಂದ ಯುಎಇ ಡಿಕ್ರಿಗಳಿಗೆ ಆ ಸೌಲಭ್ಯವಿದೆ. ಆದರೆ ಜಮೀನು, ಬಿಲ್ಡರ್, ಕರಾರು ಎಲ್ಲವೂ ಬೆಂಗಳೂರಿನಲ್ಲಿರುವಾಗ ಲಂಡನ್ನಿನಲ್ಲಿ ದಾವೆ ಹೂಡುವುದು ವಕೀಲರಿಗೆ ಲಾಭ.

ಈಗ ಆ ಲಕೋಟೆಯ ಕಥೆಗೆ ಮರಳೋಣ. ರೇರಾ ಪ್ರಾಧಿಕಾರ ಮಿಷನ್ ರಸ್ತೆಯಲ್ಲಿ ಕುಳಿತು ಆದೇಶ ಹೊರಡಿಸುತ್ತದೆ. ಬಿಲ್ಡರ್ ಹಣ ಕೊಡದಿದ್ದರೆ 40ನೇ ಕಲಮಿನಡಿ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬೇಕು. ಅದಕ್ಕೆ ವಸೂಲಾತಿ ಪ್ರಮಾಣಪತ್ರ, ಎಲ್ಲರ ಬಾಯಲ್ಲಿ ಆರ್‌ಆರ್‌ಸಿ, ಜಿಲ್ಲಾಧಿಕಾರಿಗೆ ಹೋಗುತ್ತದೆ. ಅಲ್ಲಿಂದ ತಹಶೀಲ್ದಾರರಿಗೆ. ತಹಶೀಲ್ದಾರರ ಮೇಜಿನ ಮೇಲೆ ಪಹಣಿ ತಿದ್ದುಪಡಿ, ಪಿಂಚಣಿ, ಚುನಾವಣೆ, ಒತ್ತುವರಿ ತೆರವು ಎಲ್ಲ ಇವೆ. ಬಿಲ್ಡರ್‌ನ ಆಸ್ತಿ ಎಲ್ಲಿದೆ ಎಂದು ಹುಡುಕುತ್ತಾ ಹೋಗಲು ಅವರಿಗೆ ಆಳೂ ಇಲ್ಲ, ಆಸಕ್ತಿಗೆ ಕಾರಣವೂ ಇಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಲಭ, ಆದರೆ ಪೂಜಾರಿಯ ಕೈಯಲ್ಲಿ ಉಗ್ರಾಣದ ಬೀಗದ ಕೈಯೇ ಇಲ್ಲದಿದ್ದರೆ? ಆದೇಶವಾದ ಮೊತ್ತದಲ್ಲಿ ಬಹುಪಾಲು ವಸೂಲಾಗದೆ ಉಳಿದಿರುವುದಕ್ಕೆ ಇದೇ ಮುಖ್ಯ ಕಾರಣ.

ಬಿಲ್ಡರ್‌ಗಳು ಮಾಡುವ ಇನ್ನೊಂದು ಏರ್ಪಾಡನ್ನೂ ಇಲ್ಲಿ ಗಮನಿಸಬೇಕು. ಯೋಜನೆಗೊಂದು ಕಂಪನಿ. ಆ ಕಂಪನಿಯ ಹೆಸರಿನಲ್ಲಿ ಅರ್ಧ ಕಟ್ಟಿದ ಕಟ್ಟಡ, ಅದರ ಮೇಲೆ ಬ್ಯಾಂಕಿನ ಅಡಮಾನ, ಇಷ್ಟೇ. ಬೆಂಗಳೂರಿನ ಬಹಳಷ್ಟು ಯೋಜನೆಗಳಲ್ಲಿ ಜಮೀನು ಬೇರೆಯವರದು, ಜಂಟಿ ಅಭಿವೃದ್ಧಿ ಕರಾರಿನಲ್ಲಿ ಅವರಿಗೆ ಇಷ್ಟು ಮನೆ, ಬಿಲ್ಡರ್‌ಗೆ ಇಷ್ಟು ಮನೆ ಎಂದು ಹಂಚಿಕೆ. ಕಟ್ಟುವವನು, ಮಾರುವವನು ಬೇರೆ ಬೇರೆಯಾಗಿದ್ದರೆ ಇಬ್ಬರೂ ಪ್ರವರ್ತಕರೇ, ಇಬ್ಬರೂ ಜಂಟಿಯಾಗಿ ಹೊಣೆಗಾರರೇ ಎಂದು ರೇರಾ ಕಾಯ್ದೆಯ ವ್ಯಾಖ್ಯಾನದಲ್ಲೇ ಇದೆ. ಹೀಗಿದ್ದೂ ದೂರಿನಲ್ಲಿ ಕಂಪನಿಯ ಹೆಸರೊಂದನ್ನೇ ಬರೆದು, ತನ್ನ ಪಾಲಿನ ಮನೆಗಳನ್ನು ಮಾರಿ ಹಾಯಾಗಿರುವ ಜಮೀನುದಾರನನ್ನು ಬಿಟ್ಟುಬಿಡುತ್ತಾರೆ. ಆದೇಶ ಬಂದ ಮೇಲೆ ಆ ಹೆಸರು ಸೇರಿಸುವುದು ಹರಸಾಹಸ.

ದೂರಿನ ಜೊತೆಗೇ 36ನೇ ಕಲಮಿನಡಿ ಮಧ್ಯಂತರ ಆದೇಶ ಕೇಳಬೇಕು, ಉಳಿದ ಮನೆಗಳನ್ನು ವಿಚಾರಣೆ ಮುಗಿಯುವವರೆಗೆ ಮಾರದಂತೆ. ಬಿಲ್ಡರ್ ಮೇಲ್ಮನವಿ ಹೋದನೆಂದು ಎದೆಗುಂದಬಾರದು. 43ನೇ ಕಲಮಿನ ಪ್ರಕಾರ ಖರೀದಿದಾರರಿಗೆ ಕೊಡಬೇಕಾದ ಇಡೀ ಮೊತ್ತವನ್ನು, ಬಡ್ಡಿ ಸಮೇತ, ಮೊದಲು ಠೇವಣಿ ಇಟ್ಟರೆ ಮಾತ್ರ ಅವನ ಮೇಲ್ಮನವಿ ವಿಚಾರಣೆಗೆ ಬರುತ್ತದೆ. ಅಂದರೆ ಹಣ ಅವನ ಕೈ ಬಿಟ್ಟಿತು. ಮೇಲ್ಮನವಿ ಹೋಗದೆ, ಮಾತೂ ಆಡದೆ, ಕಚೇರಿ ಬದಲಿಸುವವನೇ ಅಪಾಯ.

ದೂರದಿಂದ ಮಾಡಬೇಕಾದ ಕಾಗದದ ಕೆಲಸದಲ್ಲಿ ಎಡವುವವರೇ ಹೆಚ್ಚು. ಅಧಿಕಾರಪತ್ರವನ್ನು ಅಲ್ಲಿನ ನೋಟರಿ ಅಥವಾ ಭಾರತದ ರಾಯಭಾರ ಕಚೇರಿಯ ಅಧಿಕಾರಿಯ ಎದುರು ಸಹಿ ಮಾಡಿ ದೃಢೀಕರಿಸಬೇಕು. ಅದು ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಬೀರುವಿನಲ್ಲಿ ಎಂಟು ತಿಂಗಳಿಟ್ಟು ವಿಚಾರಣೆಯ ಹಿಂದಿನ ದಿನ ತೆಗೆದರೆ ಎದುರು ವಕೀಲರಿಗೆ ಹಬ್ಬ. ಆ ಪತ್ರದಲ್ಲಿ ‘ದೂರು ಕೊಡಲು, ಸಾಕ್ಷ್ಯ ನುಡಿಯಲು’ ಎಂದು ಬರೆಯಿರಿ. ‘ಮಾರಲು, ರಾಜಿಯಾಗಲು’ ಎಂಬ ಪದಗಳನ್ನು, ಅಪ್ಪನ ಹೆಸರಿಗೇ ಕೊಡುತ್ತಿದ್ದರೂ, ಬೇಕಾದಾಗ ಮಾತ್ರ ಸೇರಿಸಿ. ವಯಸ್ಸಾದವರನ್ನು ಮನೆಗೆ ಬಂದು ಮಾತಿನಲ್ಲಿ ಕಟ್ಟಿಹಾಕುವುದು ಬಿಲ್ಡರ್‌ನ ಜನರಿಗೆ ಕಷ್ಟವಲ್ಲ. ಗ್ರಾಹಕರ ಆಯೋಗದ ದೂರನ್ನು 2025ರಿಂದ ಇ-ಜಾಗೃತಿ ಜಾಲತಾಣದಲ್ಲಿ ಹೊರದೇಶದಿಂದಲೇ ದಾಖಲಿಸಬಹುದು.

ಹಣ ಕಟ್ಟಿದ ದಾರಿಯ ದಾಖಲೆಯನ್ನೂ ಜೋಪಾನವಾಗಿಡಬೇಕು. ಅನಿವಾಸಿಗಳು ವಿದೇಶದ ದುಡಿಮೆಯನ್ನು ಇಲ್ಲಿಡುವ ಎನ್‌ಆರ್‌ಇ ಖಾತೆಯಿಂದ ಅಥವಾ ಹೊರಗಿನಿಂದ ನೇರ ಬ್ಯಾಂಕ್ ಮೂಲಕ ಕಟ್ಟಿದ್ದರೆ, ಬುಕಿಂಗ್ ರದ್ದಾಗಿ ವಾಪಸ್ ಬಂದ ಹಣವನ್ನು, ತೆರಿಗೆ ಕಳೆದ ಬಡ್ಡಿ ಸಮೇತ, ಎನ್‌ಆರ್‌ಇ ಖಾತೆಗೇ ಹಾಕಿಸಿಕೊಳ್ಳಬಹುದು. ಅಪ್ಪನ ಖಾತೆಯಿಂದ ಸ್ವಲ್ಪ, ಭಾವನ ಖಾತೆಯಿಂದ ಸ್ವಲ್ಪ ಎಂದು ಕಟ್ಟಿದವರು ಗೆದ್ದ ಮೇಲೂ ಬ್ಯಾಂಕಿನ ಕೌಂಟರ್‌ನಲ್ಲಿ ಇನ್ನೊಂದು ಮೊಕದ್ದಮೆ ನಡೆಸಬೇಕಾಗುತ್ತದೆ.

ನನ್ನ ತಮ್ಮನ ವಿಷಯದಲ್ಲಿ ದಾರಿ ತೋರಿಸಿದ್ದು ಬಿಲ್ಡರ್ ತಾನೇ. ಪ್ರತಿ ಮೂರು ತಿಂಗಳಿಗೊಮ್ಮೆ ಎಷ್ಟು ಮನೆ ಬುಕ್ ಆಗಿದೆ ಎಂಬ ವಿವರವನ್ನು ರೇರಾ ಜಾಲತಾಣಕ್ಕೆ ಹಾಕುವುದು ಕಾಯ್ದೆಯಂತೆ ಕಡ್ಡಾಯ. ಅವನು ಕಚೇರಿ ಖಾಲಿ ಮಾಡುವ ಮೊದಲು ಹಾಕಿದ್ದ ಕೊನೆಯ ಪಟ್ಟಿಯಲ್ಲಿ ನಾಲ್ಕು ಮನೆಗಳು ಮಾರಾಟವಾಗದೆ ಉಳಿದಿದ್ದವು. ಆ ನಾಲ್ಕಕ್ಕೂ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ ತೆಗೆಸಿದೆ. ಎರಡರ ಮೇಲೆ ಅಡಮಾನವಿತ್ತು, ಒಂದನ್ನು ಅಷ್ಟರಲ್ಲಿ ಮಾರಿಬಿಟ್ಟಿದ್ದ, ಮೂರನೇ ಮಹಡಿಯದೊಂದು ಮಾತ್ರ ಶುದ್ಧವಾಗಿತ್ತು. ಸರ್ವೆ ನಂಬರ್, ಮನೆ ನಂಬರ್, ಋಣಭಾರ ಪತ್ರ, ಆದೇಶದ ಪ್ರತಿ, ಎಲ್ಲವನ್ನೂ ಒಂದು ರಟ್ಟಿನ ಫೈಲಿಗೆ ಹಾಕಿ ಶಿರಸ್ತೇದಾರರ ಮೇಜಿನ ಮೇಲಿಟ್ಟೆ. ಅವರು ಪುಟ ತಿರುವಿ, ‘ಇಷ್ಟನ್ನು ನಮಗೆ ಯಾರೂ ತಂದುಕೊಡುವುದಿಲ್ಲ ಸ್ವಾಮಿ’ ಎಂದರು. ಐದು ವಾರದ ಮೇಲೆ ಜಪ್ತಿ ನೋಟಿಸು ಆ ಮನೆಯ ಬಾಗಿಲಿಗೆ ಅಂಟಿತು. ಅದರ ಪ್ರತಿ ಈಗ ಕಡತದಲ್ಲಿ ಲಕೋಟೆಯ ಮೇಲೆ ಚುಚ್ಚಿಕೊಂಡು ಕೂತಿದೆ. ಹರಾಜಿನ ದಿನಾಂಕ ಇನ್ನೂ ಗೊತ್ತಾಗಿಲ್ಲ.